ಮೂರೆಳೆ ಕೆಂಪು ದಾರ

ಗೇಣುದ್ದದ ಕೆಂಪು ದಾರ. ಬಳ್ಳಾರಿಯ ಯಾವ ದರ್ಜಿಯನ್ನು ಕೇಳಿದರೂ ಪುಕ್ಕಟೆ ಕೊಡುತ್ತಾನೆ. ನನಗೆ ಮಾತ್ರ ಅದು ಬಿದ್ದದ್ದು ಒಂದು ಶಾಮಿಯಾನ, ಹೋಗಿ ಬಂದ ಗಾಡಿ ಬಾಡಿಗೆ, ಇನ್ನೂರು ಪ್ಲೇಟು ಒಗ್ಗರಣಿ-ಮಿರ್ಚಿ, ಜೊತೆಗೆ ಸಿರುಗುಪ್ಪದ ಒಬ್ಬ ನಿವೃತ್ತ ಹೆಡ್ಮಾಸ್ಟರ ಸೊಂಟದ ಮರ್ಯಾದೆ. ಯಾಕೆ ಅಷ್ಟು ದುಬಾರಿಯಾಯಿತು ಅಂತ ಹೇಳುತ್ತೇನೆ, ಕೂತುಕೊಳ್ಳಿ. ನೀವೂ ನಾಲ್ಕು ಕೆಲಸ ಒಟ್ಟಿಗೆ ಹಚ್ಚಿಕೊಂಡವರಾದರೆ ಇನ್ನೂ ಹತ್ತಿರ ಕೂತುಕೊಳ್ಳಿ.

ಇವತ್ತು ಬೆಳಿಗ್ಗೆ ಒಂದು ಹೊಸ ಯೋಚನೆ ಹೊಳೆಯಿತು. ರೂಪನಗುಡಿ ರಸ್ತೆಯಲ್ಲಿ ಜೀನ್ಸ್ ತೊಳೆಯುವ ಘಟಕವೊಂದನ್ನು ಹಾಕಿದರೆ ಹೇಗೆ? ಓಡಿಹೋಗಿ ನಮ್ಮ ಖಾಸಿಂಬಿಯ ಹತ್ತಿರ ಒಂದು ತುಂಡು ಕೆಂಪು ದಾರ ಕೇಳಿದೆ. ಆಕೆ ಮಷೀನಿನಿಂದ ತಲೆ ಎತ್ತಲಿಲ್ಲ. "ಹಳೇದು ಬಿಚ್ಚಿ ತರ್ರಿ ಅಣ್ಣಾ, ಆಮ್ಯಾಲೆ ಹೊಸಾದು" ಎಂದಳು. ಆಕೆ ಕೆಲಸ ಮಾಡುವ ಜೀನ್ಸ್ ಹೊಲಿಗೆ ಯೂನಿಟ್ಟಿಗೆ ಮಾಲೀಕ ನಾನು. ಬರಿಗೈಯಲ್ಲಿ ವಾಪಸು ಬಂದವನೂ ನಾನೇ.

ನಾನು ಈ ಧಂದೆಗೆ ಬಂದದ್ದು ದಾರ ಕತ್ತರಿಸುವವನಾಗಿ. ಹೊಲಿದ ಪ್ಯಾಂಟಿನಲ್ಲಿ ಜೋತಾಡುವ ದಾರದ ಬಾಲಗಳನ್ನು ಕತ್ತರಿಸುವುದು, ಅಷ್ಟೇ. ಅಲ್ಲಿಂದ ಚೌಕಾಸಿ ಮಾಡುತ್ತಾ ಮಾಡುತ್ತಾ ಮಾಲೀಕನಾದೆ. ನನ್ನ ಮದುವೆಯಲ್ಲಿ ಬ್ಯಾಂಡಿನವರಿಂದ ಅದೇ ರೇಟಿಗೆ ಎರಡು ಹಾಡು ಹೆಚ್ಚು ಬಾರಿಸಿಕೊಂಡಿದ್ದೆ. ಹೆಂಡತಿ ಅದನ್ನು ಈಗಲೂ ಹೇಳುತ್ತಾಳೆ, ಹೊಗಳಿಕೆಯಾಗಿ ಅಲ್ಲ.

ಕೆಲವು ವರ್ಷಗಳ ಹಿಂದೆ ನನಗೂ ನನ್ನ ಪಾಲುದಾರ ಬಸಣ್ಣನಿಗೂ ದೊಡ್ಡವರಾಗುವ ಹುಮ್ಮಸ್ಸು ಬಂತು. ಇದ್ದದ್ದು ಒಂದೇ ಯೂನಿಟ್ಟು, ಹಚ್ಚಿಕೊಂಡದ್ದು ಐದು ಕೆಲಸ. ಕೆಲಸ ಎಂದರೆ ಕೂಲಿಯ ಹಾಗೆ ಕೇಳುತ್ತದೆಂದು ಅವಕ್ಕೆ ಪ್ರಾಜೆಕ್ಟು ಎನ್ನುತ್ತಿದ್ದೆವು. ಸಿರುಗುಪ್ಪದಲ್ಲಿ ಅಂಗಡಿ ನನ್ನದು. ಕುರುಗೋಡಿನಲ್ಲಿ ಹೊಲಿಗೆ ಶೆಡ್ಡು ಬಸಣ್ಣನದು, ಅವನ ಊರು ಅದು. ಮಕ್ಕಳ ಜೀನ್ಸು, ಫೋನಿನಲ್ಲಿ ಮಾರಾಟ, ಆಮೇಲೆ ನಮ್ಮದೇ ಲೇಬಲ್ಲು. ಆ ಲೇಬಲ್ಲಿನ ಮೇಲೆ ಹುಲಿ ಇರಬೇಕೋ ಕುದುರೆ ಇರಬೇಕೋ ಎಂದು ಹದಿನೈದು ದಿನ ಜಗಳವಾಡಿದೆವು. ಕೊನೆಗೆ ಚಿತ್ರ ಬರೆಯುವವನು ಇಬ್ಬರನ್ನೂ ಸಮಾಧಾನಪಡಿಸಲು ಹೋಗಿ ತಂದುಕೊಟ್ಟದ್ದು ನೋಡಿದರೆ ಕತ್ತೆ.

ಯಾವುದು ಮೊದಲು? ಇದಕ್ಕೆ ನಾನೇ ಒಂದು ಉಪಾಯ ಹೂಡಿದೆ. ನಮ್ಮ ಯೂನಿಟ್ಟಿನಲ್ಲಿ ಒಂದು ರೂಢಿಯಿತ್ತು: ಅವಸರದ ಮಾಲಿನ ಕಟ್ಟಿಗೆ ಕೆಂಪು ದಾರ. ಅದು ಕಂಡರೆ ಯಾರೂ ಬಿಚ್ಚಿ ನೋಡುವಂತಿಲ್ಲ, ಸೀದಾ ಗಾಡಿಗೆ. ಅದನ್ನೇ ಪ್ರಾಜೆಕ್ಟಿಗೂ ಹಚ್ಚಿದೆ. ಗೋಡೆಗೆ ಐದು ಮೊಳೆ, ಮೊಳೆಗೊಂದು ಜೀನ್ಸ್ ಪಟ್ಟಿ, ಪಟ್ಟಿಯ ಮೇಲೆ ಪ್ರಾಜೆಕ್ಟಿನ ಹೆಸರು. ಸಿರುಗುಪ್ಪಕ್ಕೆ ಕೆಂಪು ದಾರ ಕಟ್ಟಿ ಮನೆಗೆ ಹೋದೆ. ಮರುದಿನ ಬಂದು ನೋಡಿದರೆ ಐದಕ್ಕೂ ದಾರ!

"ಏನಪಾ ಬಸಣ್ಣ ಇದು?"

"ನಿಂದಷ್ಟ ಅರ್ಜೆಂಟೇನು? ಕುರುಗೋಡಿನ್ಯಾಗ ಮಂದಿ ನನ್ನ ಕೇಳಾಕ ಹತ್ಯಾರ."

ನಾನು ಬಿಡುವ ಪೈಕಿಯೇ? ಸಿರುಗುಪ್ಪಕ್ಕೆ ಎರಡೆಳೆ ಕಟ್ಟಿದೆ. ಮಧ್ಯಾಹ್ನದ ಹೊತ್ತಿಗೆ ಕುರುಗೋಡಿಗೂ ಎರಡಾಯಿತು. ನಾನು ಮೂರು ಮಾಡಿದೆ.

ಆಗ ಬಂದಳು ಖಾಸಿಂಬಿ, ಮಷೀನು ರಿಪೇರಿ ಎಂದು ಬರೆದ ಆರನೆಯ ಪಟ್ಟಿ ಹಿಡಿದು. ಆಕೆಯದು ಕಾಜಾ ಮಷೀನು. ಗುಂಡಿ ತೂರಿಸಲು ಸೊಂಟಪಟ್ಟಿಯಲ್ಲಿ ಕಿಂಡಿ ಇರುತ್ತದಲ್ಲ, ಅದೇ ಕಾಜಾ. ಎಷ್ಟು ಕಾಜಾ ಹಾಕಿದರೆ ಅಷ್ಟು ಕೂಲಿ. ಮಷೀನು ಆಗ ಬಟ್ಟೆಯನ್ನು ಕಚ್ಚಿ ಹರಿಯುತ್ತಿತ್ತು. ರಿಪೇರಿಗೆ ಬೇಕಾದ ಸಾಮಾನು ಬಳ್ಳಾರಿಯಲ್ಲಿ ಸಿಗದು, ಯಾರಾದರೂ ಹುಬ್ಬಳ್ಳಿಗೆ ಹೋಗಿ ತರಬೇಕಿತ್ತು.

"ಅಣ್ಣಾ, ನಂದೊಂದು ದಾರ. ನಿಮ್ದು ಮೂರು. ಆದ್ರ ನಂದಾಗದ ನಿಮ್ದು ಹೆಂಗ ಆಕೈತ್ರಿ?"

ಆ ಪ್ರಶ್ನೆಯನ್ನು ನಾನು ಅವತ್ತು ಕಿವಿಯಲ್ಲಿ ಕೇಳಿದೆ, ತಲೆಯಲ್ಲಿ ಕೇಳಲಿಲ್ಲ. "ನೀನೂ ಇನ್ನೆರಡು ಕಟ್ಟಬೇ, ರೀಲು ಅಲ್ಲೇ ಐತಿ" ಎಂದೆ. ಆಕೆ ಕಟ್ಟಲಿಲ್ಲ. ಮಷೀನಿಗೆ ಬಟ್ಟೆ ಹೊದಿಸಿ ಪಕ್ಕದ ಓಣಿಯ ಯೂನಿಟ್ಟಿಗೆ ಕೆಲಸಕ್ಕೆ ಹೋದಳು.

ಇತ್ತ ನಾನು ಸಿರುಗುಪ್ಪದ ಮಳಿಗೆಯ ಮಾಲೀಕರೊಡನೆ ಬಾಡಿಗೆ ಕುದುರಿಸುತ್ತಿದ್ದೆ. ಅವರೇ ಆ ಹೆಡ್ಮಾಸ್ಟರು. ಹುಟ್ಟಿದಾಗಿನಿಂದ ಪಂಚೆ ಬಿಟ್ಟು ಬೇರೆ ಉಟ್ಟವರಲ್ಲ. "ಉದ್ಘಾಟನೆ ದಿನ ನಮ್ಮ ಜೀನ್ಸ್ ಹಾಕ್ಕೊಂಡು ನೀವೇ ಟೇಪು ಕತ್ತರಿಸ್ರಿ, ಬಾಡಿಗಿ ಐನೂರು ಕಡಿಮಿ ಮಾಡ್ರಿ" ಎಂದೆ. ಒಪ್ಪಿದರು. ಆದರೆ ಮಾಲು ನೋಡಿದ ಮೇಲೆಯೇ ಕರಾರಿಗೆ ರುಜು ಎಂದರು. ಆ ಅಂಗಡಿಯ ಮೇಲೆ ನನ್ನ ಪ್ರಾಣವೇ ಇತ್ತು. ಎರಡೂ ಕಡೆಯ ಬೀಗರಿಗೆ ಅದಾಗಲೇ ಹೇಳಿಬಿಟ್ಟಿದ್ದೆ.

ಹೊರಡುವ ದಿನ ಸಿರುಗುಪ್ಪದ ಅಷ್ಟೂ ಕಟ್ಟಿಗೆ ನಾನೇ ಕೆಂಪು ದಾರ ಬಿಗಿದಿದ್ದೆ. ಕೆಂಪು ಕಂಡ ಮೇಲೆ ಬಿಚ್ಚಿ ನೋಡುವವರಾರು? ಎಲ್ಲವೂ ಗಾಡಿ ಏರಿತು. ಕಾಜಾವನ್ನು ಹೊರಗೆಲ್ಲೋ ಬಸಣ್ಣ ಹಾಕಿಸಿರಬೇಕೆಂದು ನಾನು, ನಾನು ಹಾಕಿಸಿರಬೇಕೆಂದು ಬಸಣ್ಣ.

ಸಿರುಗುಪ್ಪದಲ್ಲಿ ಉದ್ಘಾಟನೆಗೆ ಮುಂಚೆ ಹೆಡ್ಮಾಸ್ಟರು ಜೀನ್ಸ್ ಹಿಡಿದು ಅಂಗಡಿಯ ಹಿಂದಿನ ಕೋಣೆಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಒಂದು ಕೈ ಸೊಂಟದ ಮೇಲಿತ್ತು.

"ಬಟ್ಟಿ ಚಲೋ ಐತಿ," ಎಂದರು, ತರಗತಿಯಲ್ಲಿ ಲೆಕ್ಕ ಕೇಳುವ ದನಿಯಲ್ಲಿ. "ಗುಂಡಿನೂ ಚಲೋ ಐತಿ. ಅದು ಒಳಗ ಹೋಗಾಕ ದಾರಿ ಎಲ್ಲೈತ್ರಿ?"

ನೋಡಿದೆ. ದಾರಿ ಇರಲಿಲ್ಲ. ಇನ್ನೊಂದು ಪ್ಯಾಂಟು ತೆಗೆದೆ, ಮತ್ತೊಂದು ತೆಗೆದೆ. ಒಂದರಲ್ಲೂ ಇರಲಿಲ್ಲ. ಹೊರಗೆ ಇನ್ನೂರು ಜನ, ಮಿರ್ಚಿಯ ಘಮ. ಮಾಲಿನ ಕಟ್ಟಿನಿಂದ ಕೆಂಪು ದಾರ ಬಿಚ್ಚಿ ಮೂರೆಳೆ ಸೇರಿಸಿ ಹೊಸೆದು ಅವರ ಸೊಂಟಕ್ಕೆ ಕಟ್ಟಿದೆ. ಟೇಪು ಕತ್ತರಿಸುವವರೆಗೆ ತಡೆಯಿತು. ಚಪ್ಪಾಳೆಗೆ ಅವರು ಎರಡೂ ಕೈ ಎತ್ತಿ ನಮಸ್ಕಾರ ಮಾಡಿದರು ನೋಡಿ, ದಾರ ಪಟ್ ಎಂದಿತು. ಸನ್ಮಾನಕ್ಕೆ ಹೆಗಲಿಗೆ ಹಾಕಿದ್ದ ಶಾಲು ಕ್ಷಣದಲ್ಲಿ ಪಂಚೆಯಾಯಿತು. ಮುಂದಿನ ಭಾಷಣ ಕುರ್ಚಿಯಲ್ಲಿ ಕೂತೇ ಮಾಡಿದರು. ವಿಷಯ, ಶಿಸ್ತು.

ರುಜು ಹಾಕಲಿಲ್ಲ. "ದಾರಿ ಮಾಡ್ಕೊಂಡು ಬರ್ರಿ, ಆಮ್ಯಾಲೆ ನೋಡೂಣು."

ಮಾಲು ಬಳ್ಳಾರಿಗೆ ವಾಪಸು. ನಾನು ಸೀದಾ ಖಾಸಿಂಬಿಯ ಮನೆಗೆ. ವಿಷಯ ಕೇಳಿ ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ನಕ್ಕು ಮುಗಿದ ಮೇಲೆ ಚೌಕಾಸಿಗೆ ಕೂತಳು. ನಾನು ಕೂಲಿ ಹೆಚ್ಚಿಸುತ್ತೇನೆಂದೆ. "ಅದು ಹೆಂಗೂ ಹೆಚ್ಚಸ್ತೀರಿ. ಮಷೀನು ನಿಂತ ದಿನಾನೂ ಕೂಲಿ ಕೊಡ್ತೀರಿ. ಮತ್ತ ಆ ಕೆಂಪು ರೀಲು ನನ್ನ ಕಡೆ ಇರ್ತೈತಿ." ಜನ್ಮದಲ್ಲಿ ಮೊದಲ ಸಲ ಹೇಳಿದ ರೇಟಿಗೆ ಒಪ್ಪಿ ಎದ್ದು ಬಂದೆ. ಹುಬ್ಬಳ್ಳಿಗೆ ಸಾಮಾನು ತರಲು ಹೋದವನೂ ನಾನೇ.

ಹೆಡ್ಮಾಸ್ಟರು ಆಮೇಲೆ ರುಜು ಹಾಕಿದರು, ಆ ಐನೂರನ್ನು ಮತ್ತೆ ಸೇರಿಸಿ. ಜೀನ್ಸ್ ಕೊಡಹೋದರೆ ಕೈ ಮುಗಿದರು: "ಬ್ಯಾಡ್ರಿ. ಪಂಚಿಗೆ ಕಾಜಾ ಬೇಕಾಗಂಗಿಲ್ಲ."

ಈಗ ಗೋಡೆಯ ಮುಂದೆ ನಿಂತಿದ್ದೇನೆ. ದಾರ ಇರುವುದು ಒಂದೇ, ಕುರುಗೋಡಿನ ಶೆಡ್ಡಿನ ಪಟ್ಟಿಗೆ. ಬಸಣ್ಣನ ಸರದಿ ಕಡೆಗೂ ಬಂದಿದೆ. ಗಂಟಿಗೆ ಕೈ ಹಾಕಿದೆ. ಶೆಡ್ಡಿನ ಚಾವಣಿಯ ತಗಡುಗಳು ಬಂದು ಬಿದ್ದಿವೆ, ಹೊದಿಸುವುದು ಬಾಕಿ. ಕೈ ತೆಗೆದೆ. ತೊಳೆಯುವ ಘಟಕದ ಪಟ್ಟಿಯನ್ನು ದಾರವಿಲ್ಲದೆ ಕೊನೆಯ ಮೊಳೆಗೆ ತೂಗುಹಾಕಿದೆ. ಖಾಸಿಂಬಿ ನೋಡಿಯೂ ನೋಡದ ಹಾಗೆ ಮಷೀನು ತುಳಿದಳು.

ನಿಮಗೆ ಪುಕ್ಕಟೆ ಹೇಳುತ್ತಿದ್ದೇನೆ, ಬರೆದಿಟ್ಟುಕೊಳ್ಳಿ. ಎಷ್ಟು ಮೊಳೆ ಬೇಕಾದರೂ ಹೊಡೆಯಿರಿ, ದಾರ ಒಂದೇ ಇರಲಿ. ರೀಲು ನಿಮ್ಮ ಕೈಯಲ್ಲಿ ಬೇಡ. ಯಾರ ಕೆಲಸ ನಿಂತರೆ ಎಲ್ಲರದೂ ನಿಲ್ಲುತ್ತದೋ ಅವರಿಗೆ ಕೊಡಿ. ಮತ್ತೆ ಯಾರನ್ನೇ ಮುಖ್ಯ ಅತಿಥಿಯಾಗಿ ಕರೆಯುವ ಮೊದಲು ಆ ಪ್ಯಾಂಟನ್ನು ನೀವೇ ಹಾಕಿಕೊಂಡು, ಎರಡೂ ಕೈ ಎತ್ತಿ ನಮಸ್ಕಾರ ಮಾಡಿ ನೋಡಿ.