ಹಿಡಿಯದ ಸೂತಕ

ಆ ಬೇಸಿಗೆ ಭಾಲ್ಕಿ ಕಡೆಯ ಬಾವಿಗಳೆಲ್ಲ ತಳ ಕಂಡಾಗ ಕೇಶರಬಾಯಿ ಗಂಡ ಪಂಢರಿಯ ಜೊತೆ ಮೆಹಕರ ಬಿಟ್ಟು ಬೀದರಿಗೆ, ಮಗನ ಬಾಡಿಗೆ ಮನೆಗೆ ಬಂದಳು. ಅರ್ಧ ಊರು ಪುಣೆ, ಹೈದರಾಬಾದು ಅಂತ ಗುಳೆ ಹೋಗಿತ್ತು. ತನಗೆ ಹೋಗಲು ಒಂದು ಮನೆಯಿದೆ, ಅದರಲ್ಲಿ ಎಂಟು ತಿಂಗಳ ಮೊಮ್ಮಗಳಿದ್ದಾಳೆ ಅನ್ನುವುದೇ ಅವಳಿಗೆ ದೊಡ್ಡ ಪುಣ್ಯ. ಅರವತ್ತೆರಡರ ವಯಸ್ಸಿನಲ್ಲಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಲ್ಲುವುದು, ಬಂದು ರೊಟ್ಟಿ ಬಡಿಯುವುದು ಹೊಸತೇನಲ್ಲ. ಕೂಸಿಗೆ ಎರೆಯುವುದಂತೂ ಅವಳಿಗೆ ಕೆಲಸವೇ ಅನಿಸುತ್ತಿರಲಿಲ್ಲ.

ಮದುವೆಯಾಗಿ ಒಂಬತ್ತು ವರ್ಷದ ಮೇಲೆ, ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಗಾಜಿನ ತಟ್ಟೆಯಲ್ಲಿ ಮೊಳೆತು ಸೊಸೆ ಅಲಕಾಳ ಹೊಟ್ಟೆ ಸೇರಿದ ಕೂಸು ಅದು. ಹೆರಿಗೆಯಲ್ಲಿ ರಕ್ತ ಹೋಗಿ ಅಲಕಾ ಉಳಿದದ್ದೇ ಹೆಚ್ಚು. ಇನ್ನೊಂದು ಬಸಿರು ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಈಗ ಆ ಆಸ್ಪತ್ರೆಯಿಂದ ಕಾಗದ ಬಂದಿತ್ತು. ಇನ್ನೂ ಮೂರು ಭ್ರೂಣಗಳನ್ನು ಶೀತದಲ್ಲಿ ಕಾಯ್ದಿಟ್ಟಿದ್ದೇವೆ. ಇಡಬೇಕೋ, ಚೆಲ್ಲಬೇಕೋ, ಸಂಶೋಧನೆಗೆ ಕೊಡುತ್ತೀರೋ? ಗಂಡ ಹೆಂಡತಿ ಇಬ್ಬರೂ ಸಹಿ ಮಾಡಿ. ಅಲಕಾ ಸಂಶೋಧನೆ ಎಂಬಲ್ಲಿ ಗುರುತು ಹಾಕಿ ಸಹಿ ಮಾಡಿದಳು. ಔರಾದಿನ ಕಚೇರಿಯಲ್ಲಿ ದಿನವಿಡೀ ಕಾಗದ ನೋಡುವ ಮಗ ಚಂದ್ರಕಾಂತ ಈ ಒಂದನ್ನು ಮಾತ್ರ ಒಯ್ದು ಅಪ್ಪನಿಗೆ ಓದಿ ಹೇಳಿದ.

ಪಂಢರಿ ತುಳಸಿಮಾಲೆಯವನು, ಇರುವೆ ನೋಡಿ ಹೆಜ್ಜೆ ಇಡುವವನು. ಜೀವ ಇದ್ದದ್ದನ್ನು ಕೊಯ್ದು ನೋಡಲು ಕೊಡುವುದು ಪಾಪ, ಚೆಲ್ಲುವುದೂ ಪಾಪ ಎಂದ. ವಿಠ್ಠಲ ಕೊಟ್ಟ ಜೀವಕ್ಕೆ ತಾಯಿಯ ಹೊಟ್ಟೆಯೇ ಜಾಗ, ಮೂರನ್ನೂ ಹೊರಲಿ ಎಂದ. ಅವನು ಕೆಟ್ಟವನಲ್ಲ, ಹೇಳುವಾಗ ಕಣ್ಣಲ್ಲಿ ನೀರಿತ್ತು. ಚಂದ್ರಕಾಂತ ಕಾಗದವನ್ನು ಟಿವಿಯ ಕೆಳಗೆ ಸೇರಿಸಿದ. ಅಲಕಾ ಹಾಲೂಡಿಸುತ್ತಿದ್ದ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಕೇಶರಬಾಯಿ ರೊಟ್ಟಿ ಬಡಿಯುತ್ತಲೇ ಗಂಡನನ್ನು ಕೇಳಿದಳು. “ಎಪ್ಪತ್ತೆರಡರ ಬರದಾಗ ಔರಾದ ರಸ್ತಾದ ಮ್ಯಾಲ ನಾ ಖಡಿ ಒಡೀಲಿಕ್ಕ ಹೋಗ್ತಿದ್ದೆ. ನೆನಪದ ಏನ್ರಿ?”

“ಅದ್ಯಾಕ ಈಗ?”

“ಹೊಟ್ಟ್ಯಾಗಿನ ಮೂರ ತಿಂಗಳದ್ದು ಅಲ್ಲೇ ಹೋಯ್ತು. ಮುಂದಿನ ವರ್ಷ ಇನ್ನೊಂದು. ಎಷ್ಟ ದಿನ ಸೂತಕ ಹಿಡದ್ರಿ?”

ಪಂಢರಿ ಹಿಡಿದಿರಲಿಲ್ಲ. ಅದಕ್ಕೆಲ್ಲ ಸೂತಕವಿಲ್ಲ ಎಂದು ಅವನ ತಾಯಿ ಅಂದಿದ್ದಳು. ಅವನು ಮರುದಿನ ತಾಳ ಹಿಡಿದು ಏಕಾದಶಿಯ ಭಜನೆಗೆ ಹೋಗಿದ್ದ; ಕೇಶರಬಾಯಿ ಕಲ್ಲಿನ ಬುಟ್ಟಿಗೆ ಹೋಗಿದ್ದಳು. ಆ ಬುಟ್ಟಿ ಎತ್ತಗೊಡದವಳು ಜೊತೆಗೆ ಕಲ್ಲು ಒಡೆಯುತ್ತಿದ್ದ ಹಲಬರ್ಗಾದ ಕುಲಸುಮಬೀ. ಮೂರು ದಿನ ಇವಳನ್ನು ಬೇವಿನ ನೆರಳಲ್ಲಿ ಮಲಗಿಸಿ, ಗಂಜಿ ಕುಡಿಸಿ, ತನ್ನ ಪಾಲಿನ ಜೊತೆ ಇವಳ ಪಾಲಿನ ಕಲ್ಲನ್ನೂ ಹೊತ್ತಳು. ಅವಳನ್ನು ನೆನೆಯದೆ ಕೇಶರಬಾಯಿ ಇವತ್ತಿಗೂ ಒಲೆ ಹಚ್ಚುವುದಿಲ್ಲ.

“ಅವಕ್ಕ ಜೀವ ಇರಲಿಲ್ಲಂದ್ರ ಇವಕ್ಕೂ ಇಲ್ಲ. ಇತ್ತಂದ್ರ, ಮೊದಲ ನನ್ನ ಎರಡಕ್ಕ ಸ್ನಾನಾ ಮಾಡ್ರಿ. ಆಮ್ಯಾಲ ಸೊಸಿ ಹೊಟ್ಟಿ ಮಾತ ತಗೀರಿ.”

ಮತ್ತೆ ಮೆತ್ತಗೆ ಹೇಳಿದಳು: ಆಸ್ಪತ್ರೆಯ ನರ್ಸಬಾಯಿ ಅಲಕಾಗೆ ಅಂದಿದ್ದಳಂತೆ, ಈ ವಿದ್ಯೆ ಕಲಿತದ್ದೇ ಹಿಂದೆ ಯಾರೋ ತಾಯಂದಿರು ಹೀಗೆ ಕೊಟ್ಟದ್ದರಿಂದ. ಅವರು ಕೊಡದೆ ಇದ್ದರೆ ಈ ಕೂಸು ಎಲ್ಲಿತ್ತು?

ಪಂಢರಿ, ಅವನ್ನು ಎಲ್ಲಿ ಹೂಳಿದ್ದಿ ಎಂದು ಕೇಳಿದ. ಒಂದು ರಸ್ತೆಯ ಬೇವಿನ ಕೆಳಗೆ, ಗುಂಡಿ ತೋಡಿದವಳು ಕುಲಸುಮಬೀ. ಇನ್ನೊಂದು ಮೆಹಕರದ ಬಚ್ಚಲ ಹಿಂದೆ, ಕರಿಬೇವಿನ ಗಿಡದ ಬುಡದಲ್ಲಿ. ನಲವತ್ತು ವರ್ಷ ಅವನ ಮಜ್ಜಿಗೆಗೆ ಬಿದ್ದದ್ದು ಆ ಗಿಡದ ಎಲೆಯೇ. ಅವತ್ತು ಅವನು ಊಟ ಮಾಡಲಿಲ್ಲ.

ಬೆಳಿಗ್ಗೆ ಟ್ಯಾಂಕರ್ ಬಂದಾಗ ಹೆಂಡತಿಯ ಕೈಯ ಕೊಡಗಳನ್ನು ಇಸಿದುಕೊಂಡು ತಾನೇ ಹೋದ. ಹೆಂಗಸರ ಸಾಲಿನಲ್ಲಿ ಅವನೊಬ್ಬನೇ ಗಂಡಸು.

“ಏನ್ರಿ ಕಾಕಾ, ಕಾಕೂ ಮನಿ ಬಿಟ್ಟು ಹೋದ್ರೇನು?”

ಅವನು ಕೊಡ ತುಂಬಿಕೊಂಡು ಮನೆಗೆ ಬಂದ. ತಂದ ಎರಡು ಕೊಡಗಳಲ್ಲಿ ಒಂದನ್ನು ತಣ್ಣಗೇ ತಲೆಯ ಮೇಲೆ ಸುರಿದುಕೊಂಡ. ಒದ್ದೆ ಧೋತರದಲ್ಲೇ ಟಿವಿಯ ಕೆಳಗಿನ ಕಾಗದ ಎಳೆದು ಮಗನ ಕೈಗೆ ಕೊಟ್ಟ.

“ಪಾಪ ಇದ್ರ ನನಗಿರ್ಲಿ. ಸಹಿ ಮಾಡು.”

ಇನ್ನೊಂದು ಕೊಡದ ನೀರು ಕಾಯಿಸಿ ಕೇಶರಬಾಯಿ ಕಾಲ ಮೇಲೆ ಕೂಸನ್ನು ಹಾಕಿಕೊಂಡು ಎರೆದಳು. ಕೊನೆಯ ತಂಬಿಗೆಯನ್ನು ನಿವಾಳಿಸಿ ಚೆಲ್ಲುವಾಗ ದಿನಾ ಕುಲಸುಮಬೀಯ ಹೆಸರು ಹೇಳುತ್ತಿದ್ದಳು. ಅವತ್ತು ಹೆಸರು ಗೊತ್ತಿಲ್ಲದವರನ್ನೂ ಸೇರಿಸಿದಳು.

“ಆ ತಾಯಂದಿರ ಹೊಟ್ಟಿ ತಣ್ಣಗಿರ್ಲಿ.”