ಹ್ಯೂಸ್ಟನ್ನಿನ ಫ್ರೇಮು, ಬಿಡದ ಸೀಟ್‌ಪೋಸ್ಟು

ಕೋವಿಡ್ ಮುಗಿದು ಒಂದೆರಡು ವರ್ಷವಾಗಿತ್ತು. ಅಮೆರಿಕದ ಟೆಕ್ಸಾಸಿನಲ್ಲಿ, ಆಸ್ಟಿನ್ ಹತ್ತಿರದ ಲಿಯಾಂಡರ್‌ನಲ್ಲಿ ನಾನು ಸೈಕಲ್ ರಿಪೇರಿ ಅಂಗಡಿ ನಡೆಸುತ್ತಿದ್ದೆ. ಹುಬ್ಬಳ್ಳಿಯವನು, ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ನನ್ನ ಬಾಯಿ ಯಾವ ಮ್ಯಾನೇಜರಿಗೂ ಹಿಡಿಸಲಿಲ್ಲ, ಅದಕ್ಕೇ ಅಂಗಡಿ ಹಾಕಿದೆ.

ಒಂದು ಶನಿವಾರ ಮೈಸೂರಿನ ಶೈಲಜಾ ಎಂಬ ಹೆಣ್ಣುಮಗಳು ಗಂಡ ಪ್ರಶಾಂತನ ಜೊತೆ ಬಂದರು. ಕೈಯಲ್ಲಿ ಹಳೆಯ ಸ್ಟೀಲ್ ಫ್ರೇಮ್. ಆನ್‌ಲೈನಿನಲ್ಲಿ ನೋಡಿ, ಹ್ಯೂಸ್ಟನ್ನಿಗೆ ಹೋಗಿ ತಂದದ್ದು. ಅದರ ಮೇಲೆ ಬೈಕ್‌ಪ್ಯಾಕಿಂಗ್ ಸೈಕಲ್ ಕಟ್ಟಿಕೊಡಬೇಕಂತೆ. ಅಂದರೆ ಟೆಂಟು, ನೀರು, ಬಟ್ಟೆ ಎಲ್ಲವನ್ನೂ ಸೈಕಲ್ಲಿಗೇ ಬಿಗಿದುಕೊಂಡು ಮಣ್ಣುದಾರಿಯಲ್ಲಿ ಹೋಗಿ, ಹೊರಗೇ ರಾತ್ರಿ ಕಳೆಯುವುದು.

"ಯಾರ್‍ಯಾರು ಹೊಂಟೀರಿ?" ಅಂದೆ.

"ನಾನೊಬ್ಬಳೇ, ಅಂಕಲ್."

ಆಮೇಲೆ ಸಂಗತಿ ಹೊರಬಂತು. ಹಿಂದೊಮ್ಮೆ ಫ್ರೀವೇಯಲ್ಲಿ, ಅಂದರೆ ಗಾಡಿಗಳು ನಿಲ್ಲದೆ ಓಡುವ ಹೆದ್ದಾರಿಯಲ್ಲಿ, ಟ್ರಕ್ಕೊಂದು ಆಕೆಯ ಕಾರಿಗೆ ಗುದ್ದಿತ್ತು. ಗಾಯ ವಾಸಿಯಾಯಿತು, ಸ್ಟೀರಿಂಗ್ ಹಿಡಿಯುವ ಧೈರ್ಯ ಮಾತ್ರ ಮರಳಲಿಲ್ಲ. ನಮ್ಮ ಕಡೆ ಬಸ್ಸಿಲ್ಲ, ನಡೆದು ಹೋಗುವಷ್ಟು ದೂರದಲ್ಲಿ ಅಂಗಡಿಯೂ ಇಲ್ಲ. ಕಾರು ಓಡಿಸದವರು ಹಾಲು ತರಬೇಕೆಂದರೂ ಇನ್ನೊಬ್ಬರ ಮುಖ ನೋಡಬೇಕು. ಆಕೆಯ ಆಫೀಸೂ ಮನೆಯೊಳಗೇ. ಪ್ರಶಾಂತ ಒಳ್ಳೆಯವನು, ಕೇಳಿದಲ್ಲಿಗೆಲ್ಲ ಕರೆದುಕೊಂಡು ಹೋಗುತ್ತಿದ್ದ.

"ಕೇಳೋದೇ ಸಾಕಾಗಿದೆ ಅಂಕಲ್. ಅಪಘಾತ ಆದಾಗಿಂದ ಒಬ್ಬಳೇ ಎಲ್ಲಿಗೂ ಹೋಗಿಲ್ಲ."

"ಕಾರಿಗೇ ಹೆದರೋಳು ಸೈಕಲ್ ಮೇಲೆ ಹೋಗ್ತಾಳಂತೆ!" ಅಂದ ಪ್ರಶಾಂತ.

"ಸೈಕಲ್ ಆದ್ರೆ ಬೇಕಾದಾಗ ನಿಲ್ಲಿಸಿ ಇಳೀಬಹುದು. ಫ್ರೀವೇಲಿ ಇಳಿಯೋಕಾಗುತ್ತಾ?"

ಪ್ಲಾನ್ ಮಾಡಲು ಕುಳಿತೆವು. ಹಳೇ ಫ್ರೇಮ್ ಎಂದರೆ ಅದು ಹೇಳಿದಂತೆ ನಾವು ಕೇಳಬೇಕು. ಹಿಂಭಾಗದ ಅಗಲಕ್ಕೆ ತಕ್ಕ ಚಕ್ರ, ಚಕ್ರಕ್ಕೆ ತಕ್ಕ ಗೇರು, ನಡುವಿನ ಜಾಗಕ್ಕೆ ತಕ್ಕ ಬ್ಯಾಗು. ಅಷ್ಟರಲ್ಲಿ ಪ್ರಶಾಂತ ಹೆಂಡತಿಯನ್ನು ಖುಷಿಪಡಿಸಲು ಲೇಟೆಸ್ಟ್ ಚಕ್ರ ಆರ್ಡರ್ ಮಾಡಿಬಿಟ್ಟಿದ್ದ. ಅದು ಫ್ರೇಮಿನೊಳಗೆ ಹೋಗಲೇ ಇಲ್ಲ. "ಅಂಗಿ ತಗೊಂಡು ಆಮ್ಯಾಲೆ ಮನಷ್ಯಾನ್ನ ಹುಡುಕತೀಯೇನಪ್ಪಾ?" ಎಂದು ಬೈದು ವಾಪಸ್ ಕಳಿಸಿದೆ.

ನಿಜವಾದ ಕಂಟಕ ಸೀಟ್‌ಪೋಸ್ಟ್, ಅಂದರೆ ಸೀಟನ್ನು ಹಿಡಿದಿರುವ ಅಲ್ಯೂಮಿನಿಯಂ ಕೊಳವೆ. ಹಿಂದಿನ ಮಾಲೀಕ ಎತ್ತರದ ಆಸಾಮಿ. ಶೈಲಜಾಗೆ ಅದು ಕೆಳಗಿಳಿಯಲೇಬೇಕು, ಆದರೆ ಹ್ಯೂಸ್ಟನ್ನಿನ ತೇವದ ಗಾಳಿಗೆ ಸ್ಟೀಲಿನೊಳಗೆ ಕಚ್ಚಿಕೊಂಡು ಕೂತಿತ್ತು. ಎಣ್ಣೆ ಬಿಟ್ಟೆ, ಬಿಸಿ ಮಾಡಿದೆ, ಬಿಗಿಯಾಗಿ ಕಚ್ಚಿ ಹಿಡಿಯುವ ವೈಸಿಗೆ ಸಿಕ್ಕಿಸಿ ತಿರುಗಿಸಿದೆ. ಊಹೂಂ!

"ಇದು ಬಿಡಂಗಿಲ್ಲವ್ವಾ. ಬ್ಯಾರೆ ಫ್ರೇಮ್ ನೋಡ್ರಿ."

"ಬಿಡು ಶೈಲೂ, ಒಳ್ಳೇದೇ ಆಯ್ತು," ಅಂದ ಪ್ರಶಾಂತ. ಅವನ ಮುಖದಲ್ಲಿ ಆ ನಿರಾಳ ಕಂಡು ನನಗೆ ಸಿಟ್ಟು ಬಂತು. ಆಕೆ ಫ್ರೇಮಿನ ಮೇಲಿಂದ ಕೈ ತೆಗೆಯಲಿಲ್ಲ.

"ಬೇರೆ ದಾರಿಯೇ ಇಲ್ವಾ ಅಂಕಲ್?"

ಇತ್ತು. ಗರಗಸದ ಬ್ಲೇಡನ್ನು ಒಳಗಿಳಿಸಿ ಕೊಳವೆಯನ್ನು ಉದ್ದಕ್ಕೆ ಕೊಯ್ಯಬೇಕು. ಕೈ ಜಾರಿ ಫ್ರೇಮಿಗೆ ತಾಗಿದರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

"ಕೊಯ್ದುಬಿಡಿ. ಹೋದ್ರೆ ನನ್ನ ಫ್ರೇಮ್ ತಾನೇ ಹೋಗೋದು?"

ಕೊಯ್ದೆ. ಕೈಯಲ್ಲಿ ಬೊಬ್ಬೆ ಎದ್ದವು. ಕೊನೆಗೆ ಆ ಹಾಳು ಕೊಳವೆ ಸುರುಳಿ ಸುತ್ತಿಕೊಂಡು ಹೊರಬಂದಾಗ ಶೈಲಜಾ, ನಾನು ಇಬ್ಬರೂ ಹುಚ್ಚರಂತೆ ಕೂಗಿದೆವು.

ಸೈಕಲ್ ರೆಡಿಯಾಯಿತು. ಹೊರಡುವ ಬೆಳಿಗ್ಗೆ ಪ್ರಶಾಂತ ಕಾರಿನಲ್ಲಿ ಇಡ್ಲಿ ಡಬ್ಬಿ ಇಟ್ಟುಕೊಂಡು ಬಂದ. ನಿಧಾನಕ್ಕೆ ಆಕೆಯ ಹಿಂದೆ ಹಿಂದೆ ಕಾರಿನಲ್ಲೇ ಬರುತ್ತಾನಂತೆ.

"ಅಂಕಲ್, ಇವಳಿಗೇನೂ ಆಗಲ್ಲ ಅಂತ ಗ್ಯಾರಂಟಿ ಕೊಡ್ತೀರಾ?"

ನಾನು ಬ್ರೇಕನ್ನು ಇನ್ನೊಮ್ಮೆ ಒತ್ತಿ ನೋಡಿದೆ. ಏನಾದರೂ ಆದರೆ? "ಸೈಕಲ್ಲಿಗೆ ಕೊಡ್ತೀನಪ್ಪಾ. ರಸ್ತಾಕ್ಕ ಕೊಡಂಗಿಲ್ಲ."

"ಗ್ಯಾರಂಟಿ ನಾನು ಕೇಳಲಿಲ್ವಲ್ಲ," ಎನ್ನುತ್ತ ಶೈಲಜಾ ಗಂಡನ ಕೈಯಿಂದ ಕಾರಿನ ಕೀ ತೆಗೆದುಕೊಂಡು ನನಗೆ ಕೊಟ್ಟಳು. ಅವರಿಗಿದ್ದದ್ದು ಅದೊಂದೇ ಕಾರು. "ನಾಳೆ ನಾನು ಬಂದ ಮೇಲೆ ಕೊಡಿ ಅಂಕಲ್." ಇಡ್ಲಿ ಮಾತ್ರ ಬ್ಯಾಗಿಗೆ ಹಾಕಿಕೊಂಡು ಹೊರಟೇಬಿಟ್ಟಳು.

ಪ್ರಶಾಂತನನ್ನು ನಾನೇ ಮನೆಗೆ ಬಿಟ್ಟೆ. ಮಧ್ಯಾಹ್ನ ಅವನ ಫೋನು. ಮೊಸರು ಮುಗಿದಿದೆ, ಅಂಗಡಿಗೆ ಹೋಗಬೇಕಿತ್ತು, ತೊಂದರೆ ಆಗದಿದ್ದರೆ... ಕರೆದುಕೊಂಡು ಹೋದೆ. ಸಂಜೆ ಮತ್ತೆ ಫೋನು, ಈ ಸಲ ತಲೆನೋವಿನ ಮಾತ್ರೆಗೆ. ಕಾರಿನಲ್ಲಿ ಕೂತು ನನ್ನ ಮುಖ ನೋಡಲು ನಾಚಿಕೊಂಡ.

"ಪಾಪ, ನೀವೇನೂ ಬೇಜಾರು ಮಾಡ್ಕೊಳ್ಳಲ್ಲ. ಆದ್ರೂ ಪ್ರತಿಯೊಂದಕ್ಕೂ ಕೇಳೋದು ಕಷ್ಟ ಅಂಕಲ್."

"ನಿನಗಿನ್ನೂ ಒಂದ ದಿನಾ ಆಗೇತಿ, ತಮ್ಮಾ," ಅಂದೆ.

ಯಾರಾದರೂ ಫ್ರೇಮ್ ತಂದರೆ ಈಗ ನಾನು ಅಳತೆ ಟೇಪು ಹಿಡಿಯುವ ಮೊದಲು ಅವರ ದಿನ ಹೇಗೆ ಕಳೆಯುತ್ತದೆ ಎಂದು ಕೇಳುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ. ಮರುದಿನ ಶೈಲಜಾ ಧೂಳು ಮೆತ್ತಿಕೊಂಡು, ಬಿಸಿಲಿಗೆ ಕೆಂಪಾಗಿ ಅಂಗಡಿಗೆ ಬಂದಳು. ಕಾಯುತ್ತಿದ್ದ ಪ್ರಶಾಂತ ಎದ್ದು ನಿಂತ. ಹೇಗಿತ್ತು, ಭಯ ಆಯ್ತಾ ಎಂದು ಏನನ್ನೂ ಕೇಳಲಿಲ್ಲ.

"ಮತ್ತೆ ಯಾವಾಗ ಹೋಗ್ತೀಯ?" ಅಂದ.