ಒಂದು ದಿನ ಮೊದಲಿನ ಶುಭಾಶಯ

ಆ ಮಾಸ್ತರರನ್ನು ನಾನು ಕ್ಷಮಿಸಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಯಸ್ಸಾದವರು, ಹೋಗಲಿ ಬಿಡು ಎಂದು ನನ್ನ ಗಂಡನಿಂದ ಹಿಡಿದು ಧಾರವಾಡದಲ್ಲಿರುವ ನನ್ನ ಅವ್ವನವರೆಗೆ ಎಲ್ಲರೂ ಹೇಳಿ ನೋಡಿದರು. ಅವರು ಯಾರೂ ಆ ತರಗತಿಯಲ್ಲಿ ನಿಂತವರಲ್ಲ.

ಧಾರವಾಡದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು ನಾನು. ಗಂಡನಿಗೆ ಸ್ಟುಟ್‌ಗಾರ್ಟ್ ಕಡೆ ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಪಟ್ಟಣದಲ್ಲಿ ಬಾಡಿಗೆ ಮನೆ ಸಿಗಲಿಲ್ಲ. ಕೊನೆಗೆ ರೈಲು ಇಳಿದು ಮತ್ತೆ ಬಸ್ಸು ಹತ್ತಿ ಹೋಗಬೇಕಾದ ಒಂದು ಹಳ್ಳಿಯಲ್ಲಿ ಬಿಡಾರ ಹೂಡಿದೆವು. ಅಲ್ಲಿ ನಾನು ಯಾರೂ ಅಲ್ಲ. ಬೇಕರಿಯಲ್ಲಿ ಬೆರಳು ತೋರಿಸಿ ಬ್ರೆಡ್ ಕೊಳ್ಳುವ ಹೆಂಗಸು, ಅಷ್ಟೆ. ಹೀಗಿರುವಾಗ ಊರಿನ ಫೋಕ್ಸ್‌ಹೋಖ್‌ಶೂಲೆಯವರು, ಅಂದರೆ ದೊಡ್ಡವರಿಗಾಗಿ ಸಂಜೆ ಶಾಲೆ ನಡೆಸುವವರು, ಇಂಗ್ಲಿಷ್ ಕಲಿಸುತ್ತೀರಾ ಎಂದು ಕೇಳಿದರು. ಪ್ರತಿ ಗುರುವಾರ ಸಂಜೆ, ಅಗ್ನಿಶಾಮಕ ದಳದ ಕಟ್ಟಡದ ಮೇಲಿನ ಕೋಣೆಯಲ್ಲಿ. ಆ ಒಂದು ಸಂಜೆಗಾಗಿ ನಾನು ಉಳಿದ ದಿನಗಳನ್ನು ದೂಡುತ್ತಿದ್ದೆ.

ಮೊದಲ ದಿನ ಪಾಠ ಮುಗಿಸಿ ಥ್ಯಾಂಕ್ಯೂ ಅಂದೆ. ಎಲ್ಲರೂ ಗೆಣ್ಣಿನಿಂದ ಮೇಜು ಕುಟ್ಟತೊಡಗಿದರು. ನಮ್ಮ ಕಾಲೇಜಿನಲ್ಲಿ ಹುಡುಗರು ಬೆಂಚು ಬಡಿದರೆಂದರೆ ಆ ಲೆಕ್ಚರರ್ ಕಥೆ ಮುಗಿಯಿತು ಎಂದೇ ಅರ್ಥ. ಪುಸ್ತಕ ಎತ್ತಿಕೊಂಡು ಓಡಿದವಳೇ ಮನೆಗೆ ಬಂದು ಅತ್ತೆ. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ.

“ಹುಚ್ಚಿ, ಅದು ಚಪ್ಪಾಳಿ ಇದ್ದಂಗ. ನಮ್ಮ ಮೀಟಿಂಗ್ನ್ಯಾಗೂ ಹಂಗ ಬಡೀತಾರ. ನೀ ಪಾಸಾಗೀ.”

ಆಗ ನೆನಪಾಯಿತು, ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಮಾತ್ರ ಕುಟ್ಟಿರಲಿಲ್ಲ. ಅವರೇ ಮಾಸ್ತರರು. ಹೈಸ್ಕೂಲಿನಲ್ಲಿ ಜೀವಮಾನವಿಡೀ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಈ ಸಂಜೆ ತರಗತಿಯನ್ನೂ ನಾನು ಬರುವ ತನಕ ಅವರೇ ನಡೆಸುತ್ತಿದ್ದರು. ಹೊಸಬರಿಗೆ ಅವಕಾಶ ಕೊಡೋಣ ಎಂದು ಸಂಜೆ ಶಾಲೆಯ ಕಚೇರಿಯವರು ಮೆಲ್ಲಗೆ ಅವರನ್ನು ಬಿಡಿಸಿದ್ದರು. ಸಿಟ್ಟನ್ನು ಕಚೇರಿಯ ಮೇಲೆ ತೀರಿಸಿಕೊಳ್ಳಬೇಕಿತ್ತು. ಅದರ ಬದಲು ನನ್ನ ತರಗತಿಗೇ ವಿದ್ಯಾರ್ಥಿಯಾಗಿ ಹೆಸರು ಹಚ್ಚಿ ಬಂದು ಕೂತರು.

ನಾನು ಒಂದು ಶಬ್ದ ಉಚ್ಚರಿಸಿದರೆ ಸಾಕು, ಅವರು ತಲೆ ವಾರೆ ಮಾಡಿ ಇಂಗ್ಲೆಂಡಿನಲ್ಲಿ ಹಾಗೆ ಅನ್ನುವುದಿಲ್ಲವಲ್ಲ ಅನ್ನುತ್ತಿದ್ದರು. ತರಗತಿಯಲ್ಲಿ ಯಾರೂ ಒಂದು ಶಬ್ದ ಜರ್ಮನ್ ಆಡಕೂಡದು ಎಂದು ನನ್ನ ಪರವಾಗಿ ಅವರೇ ಗದರುತ್ತಿದ್ದರು. ಹಣೆಯ ಕುಂಕುಮ ನೋಡಿ, ಇದನ್ನು ಒತ್ತಿದರೆ ಏನಾಗುತ್ತದೆ ಎಂದು ಒಮ್ಮೆ ಕೇಳಿದರು. ಈ ಕೋರ್ಸ್ ಶುರು ಮಾಡುವ ಮುನ್ನ ಜ್ಯೋತಿಷಿಯನ್ನು ಕೇಳಿದಿರಾ ಎಂದು ಮತ್ತೊಮ್ಮೆ. ಭಾರತದಲ್ಲಿ ನಂಬಿಕೆ, ಇಲ್ಲಿ ವಿಚಾರ ಎಂಬುದು ಅವರ ದಿನನಿತ್ಯದ ಮಂತ್ರ. ನಾನು ಹಲ್ಲು ಕಚ್ಚಿ ನಗುತ್ತಿದ್ದೆ. ನಗದೆ ಬೇರೆ ಏನು ಮಾಡುವುದು, ಅವರು ವಯಸ್ಸಿನಲ್ಲಿ ನನ್ನ ಅಪ್ಪನಷ್ಟು.

ತರಗತಿಯಲ್ಲಿ ನನಗೆ ಆಪ್ತಳಾದವಳು ಬೇಕರಿಯ ಅಜ್ಜಿ. ಮಗಳು ಐರ್ಲೆಂಡಿನವನನ್ನು ಮದುವೆಯಾಗಿದ್ದಳು. ಅಳಿಯನ ಜೊತೆ ನಾಲ್ಕು ಮಾತಾಡಬೇಕೆಂಬ ಆಸೆಯಿಂದ ಇಂಗ್ಲಿಷ್ ಕಲಿಯಲು ಬಂದಿದ್ದಳು. ಅವಳ ಹುಟ್ಟುಹಬ್ಬ ಒಂದು ಭಾನುವಾರ ಇದೆ ಎಂದು ಗೊತ್ತಾಯಿತು. ಭಾನುವಾರ ಹೇಗೂ ಸಿಗುವುದಿಲ್ಲವೆಂದು ಗುರುವಾರವೇ ಬೇಸನ್ ಉಂಡಿ ಕಟ್ಟಿಕೊಂಡು ಹೋದೆ. ಎಲ್ಲರ ಎದುರಿಗೆ ಅವಳ ಕೈಕುಲುಕಿ ಶುಭಾಶಯ ಹೇಳಿದೆ. ನಮ್ಮಲ್ಲಿ ಇದೇನು ದೊಡ್ಡ ವಿಷಯ? ಮುಂಚಿತವಾಗಿ ಹೇಳಿದರೆ ಎಲ್ಲರಿಗಿಂತ ಮೊದಲು ನೆನಪಿಟ್ಟೆ ಎಂದು ಖುಷಿಪಡುತ್ತಾರೆ. ಇಲ್ಲಿ ಕೋಣೆಯೇ ತಣ್ಣಗಾಯಿತು. ಅಜ್ಜಿಯ ಮುಖ ಬಿಳಿಚಿಕೊಂಡಿತು. ಒಬ್ಬರೂ ಉಂಡಿ ಮುಟ್ಟಲಿಲ್ಲ.

ವಿವರಿಸಿದವರು ಮಾಸ್ತರರೇ, ಬಹಳ ಸಂತೋಷದಿಂದ. ಹುಟ್ಟಿದ ದಿನ ಬರುವ ಮುಂಚೆ ಶುಭಾಶಯ ಹೇಳುವುದೆಂದರೆ ಇಲ್ಲಿ ಕೇಡನ್ನು ಕರೆದಂತೆ, ಆ ದಿನ ಕಾಣುವುದೇ ಅನುಮಾನ ಎಂದು ಜನ ತಿಳಿಯುತ್ತಾರೆ. ತಾನು ಇಂಥದ್ದನ್ನು ನಂಬುವುದಿಲ್ಲ, ಆದರೆ ಸಾಮಾನ್ಯ ಜನರ ಮನಸ್ಸು ನೋಯುತ್ತದೆ ನೋಡಿ, ಎಂದರು.

ಶನಿವಾರ ಅಜ್ಜಿ ಬೇಕರಿಯ ನೆಲಮಾಳಿಗೆಯ ಮೆಟ್ಟಿಲಲ್ಲಿ ಜಾರಿ ಮುಂಗೈ ಮುರಿದುಕೊಂಡಳು.

ಆಮೇಲೆ ಕೇಳಬೇಕೆ? ಮಾಂಸದ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಚರ್ಚಿನ ಮುಂದೆ, ನಂಬಿಕೆಯೇ ಇಲ್ಲದ ಮಾಸ್ತರರು ನಂಬುವವರಿಗೆಲ್ಲ ಕಥೆ ಹೇಳಿದರು. ಪ್ರತಿ ಸಲವೂ ಕೊನೆಯಲ್ಲಿ, ಪಾಪ ಅವಳಿಗೆ ಗೊತ್ತಿರಲಿಲ್ಲ ಎಂದು ಸೇರಿಸುತ್ತಿದ್ದರಂತೆ. ಗುರುವಾರದ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಕಚೇರಿಯ ಹೆಂಗಸು ಫೋನ್ ಮಾಡಿ, ಹೀಗೇ ಆದರೆ ಈಸ್ಟರ್ ನಂತರ ನಿಮ್ಮ ಕೋರ್ಸ್ ಮುಂದುವರಿಸಲು ಆಗುವುದಿಲ್ಲ ಎಂದಳು. ಮಾಸ್ತರರು ಮತ್ತೆ ನಡೆಸಿಕೊಡಲು ಒಪ್ಪಿದ್ದಾರೆ, ಅವರು ನಡೆಸಿದರೆ ಜನ ಬರುತ್ತಾರಂತೆ ಎಂದೂ ಹೇಳಿದಳು. ಫೋನ್ ಇಟ್ಟು ನಾನು ಅಡುಗೆಮನೆಯಲ್ಲಿ ನಿಂತೇ ಇದ್ದೆ. ಅಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ. ನನಗಿದ್ದದ್ದು ಅದೊಂದೇ ಕೋಣೆ, ಅದೊಂದೇ ಸಂಜೆ. ಅದನ್ನೂ ಕಿತ್ತುಕೊಳ್ಳಲು ಆ ಮನುಷ್ಯ ಒಬ್ಬ ಮುದುಕಿಯ ಮುರಿದ ಕೈ ಬಳಸಿಕೊಂಡಿದ್ದರು.

“ಬಿಟ್ಟಬಿಡು. ಮುದುಕಗ ಹೊತ್ತು ಹೋಗಂಗಿಲ್ಲ. ನೀ ಆನ್‌ಲೈನ್ ಕ್ಲಾಸ್ ಹಿಡಿ,” ಎಂದ ಗಂಡ.

“ಬಿಡಂಗಿಲ್ರಿ,” ಎಂದೆ. “ಅಂವಾ ಕಲಿಸಿದ ಪಾಠ ಅಂವಗ ಒಪ್ಪಿಸೇ ಬಿಡ್ತೀನಿ.”

ಮಾಸ್ತರರಿಗೆ ಎಪ್ಪತ್ತು ತುಂಬುವುದಿತ್ತು. ಊರಿಗೆಲ್ಲ ಅವರೇ ಸಾರಿಕೊಂಡು ಬಂದಿದ್ದರು. ಶುಕ್ರವಾರ ಸಂಜೆ ಅಗ್ನಿಶಾಮಕ ದಳದ ಹಾಲಿನಲ್ಲಿ ಊಟ, ಗಾಯನ ಸಂಘದವರ ಹಾಡು. ತರಗತಿಯವರಿಗೆಲ್ಲ ಆಹ್ವಾನ, ನನ್ನೊಬ್ಬಳನ್ನು ಬಿಟ್ಟರೆ ಚೆನ್ನಾಗಿರುವುದಿಲ್ಲವೆಂದು ನನಗೂ. ಶುಕ್ರವಾರದ ಹಿಂದಿನ ದಿನ ಗುರುವಾರ. ಆ ವಾರವಿಡೀ ನಾನು ಹಾಡು ಗುನುಗುತ್ತ ಚಪಾತಿ ಲಟ್ಟಿಸಿದೆ. ಗಂಡನಿಗೆ ಅನುಮಾನ ಬಂದು ಎರಡು ಸಲ ಕೇಳಿದ, ನಾನು ಬಾಯಿ ಬಿಡಲಿಲ್ಲ.

ಆ ಗುರುವಾರ ಉಳಿದಿದ್ದ ಕೆಲವೇ ಜನ ಬಂದಿದ್ದರು. ಕೈಗೆ ಪ್ಲಾಸ್ಟರ್ ಹಾಕಿಕೊಂಡು ಅಜ್ಜಿಯೂ ಬಂದಳು. ಈ ದಿನ ಮೂಢನಂಬಿಕೆಗಳ ಬಗ್ಗೆ ಮಾತಾಡೋಣ ಎಂದೆ. ಕರಿಬೆಕ್ಕು, ಒಡೆದ ಕನ್ನಡಿ, ನಮ್ಮ ಕಡೆಯ ಲಿಂಬೆಹಣ್ಣು ಮೆಣಸಿನಕಾಯಿ. ಎಲ್ಲರೂ ತಮಗೆ ಬಂದ ಇಂಗ್ಲಿಷಿನಲ್ಲಿ ಏನೇನೋ ಹೇಳಿದರು, ನಕ್ಕರು. ಕೊನೆಗೆ ಮಾಸ್ತರರ ಕಡೆ ತಿರುಗಿದೆ. ಅವರು ಎದ್ದು ನಿಂತೇ ಉತ್ತರಿಸಿದರು.

“ನಾನು ಇಂಥ ಯಾವುದನ್ನೂ ನಂಬುವುದಿಲ್ಲ. ಇವೆಲ್ಲ ಓದಿಲ್ಲದವರ ಭಯ.”

ಅಜ್ಜಿ ತನ್ನ ಪ್ಲಾಸ್ಟರನ್ನೇ ನೋಡುತ್ತ ಕೂತಿದ್ದಳು. ಅದನ್ನು ನೋಡಿದ ಮೇಲೆ ನನ್ನಲ್ಲಿ ಉಳಿದಿದ್ದ ಒಂದಿಷ್ಟು ಹಿಂಜರಿಕೆಯೂ ಹೋಯಿತು. ಮೇಜಿನ ಕೆಳಗೆ ಇಟ್ಟಿದ್ದ ಹೂಗುಚ್ಛ ತೆಗೆದೆ. ನೇರ ಅವರ ಮುಂದೆ ಹೋಗಿ ನಿಂತೆ. ನನ್ನ ಅತ್ಯಂತ ಶುದ್ಧ ಇಂಗ್ಲಿಷಿನಲ್ಲಿ, ಅವರು ಬಯಸುತ್ತಿದ್ದ ಹಾಗೆ ಒಂದೊಂದು ಶಬ್ದವನ್ನೂ ತೀಡಿ, ನಾಳೆ ತಮಗೆ ಎಪ್ಪತ್ತು, ನನ್ನ ಹಾರ್ದಿಕ ಶುಭಾಶಯ, ನೂರ್ಕಾಲ ಬಾಳಿ ಎಂದು ಹೇಳಿ ಕೈ ಚಾಚಿದೆ.

ಅವರ ಮುಖದಿಂದ ರಕ್ತ ಇಳಿದದ್ದು ನನಗೆ ಕಾಣಿಸಿತು. ಕೈ ಮುಂದೆ ಬಂದದ್ದು ತಟ್ಟನೆ ಬೆನ್ನ ಹಿಂದೆ ಹೋಯಿತು. ಒಂದು ಹೆಜ್ಜೆ ಹಿಂದೆ ಸರಿದರು, ಕುರ್ಚಿಗೆ ತಾಗಿ ತಡವರಿಸಿದರು. ಜರ್ಮನ್ ಆಡಬೇಡಿ ಎಂದು ಎಲ್ಲರನ್ನೂ ಗದರುತ್ತಿದ್ದವರು ಆಗ ಆಡಿದ್ದು ಬರೀ ಜರ್ಮನ್.

“ಬೇಡ, ಇವತ್ತು ಬೇಡ. ನಾಳೆ ಹೇಳಿ. ದಯವಿಟ್ಟು ನಾಳೆ.”

ನಾನು ಕೈ ಇಳಿಸಲಿಲ್ಲ. ಚಾಚಿದ ಕೈ ಚಾಚಿಯೇ ಇತ್ತು, ಸಣ್ಣಗೆ ನಗುತ್ತ ನಿಂತಿದ್ದೆ. ಅಷ್ಟು ತಿಂಗಳು ನುಂಗಿಕೊಂಡದ್ದೆಲ್ಲ ಆ ನಗೆಯಲ್ಲಿತ್ತು. ಮೊದಲು ನಕ್ಕವಳು ಅಜ್ಜಿ. ಆಮೇಲೆ ಉಳಿದವರು. ಅಜ್ಜಿ ಕಣ್ಣು ಒರೆಸಿಕೊಂಡು, “ನನ್ನ ಬೇಕರಿಯ ಮೆಟ್ಟಿಲು ಮೊದಲಿನಿಂದಲೂ ಸರಿಯಿಲ್ಲ ಮಾಸ್ತರರೇ, ನಿಮ್ಮ ಮನೆಯದು ಹೇಗಿದೆ?” ಎಂದು ಕೇಳಿದಳು. ಅವರು ಕೋಟು ಎತ್ತಿಕೊಂಡು ಹೊರಟುಹೋದರು.

ಮರುದಿನದ ಬೆಳಿಗ್ಗೆಯಿಂದ ಅಜ್ಜಿ ಪ್ರತಿಯೊಂದು ಬ್ರೆಡ್ಡಿನ ಜೊತೆ ಈ ಕಥೆಯನ್ನೂ ಕಟ್ಟಿಕೊಟ್ಟಳು. ಬಿಟ್ಟುಹೋದವರು ಮುಂದಿನ ವಾರ ವಾಪಸು ಬಂದರು, ಜೊತೆಗೆ ನನ್ನನ್ನು ನೋಡಲೆಂದೇ ಕೆಲವರು. ಕಚೇರಿಯ ಹೆಂಗಸು ಫೋನ್ ಮಾಡಿ, ಈಸ್ಟರ್ ನಂತರವೂ ನೀವೇ ಕಲಿಸಿ ಎಂದಳು. ಮಾಸ್ತರರು ಮಾತ್ರ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಆ ಶುಕ್ರವಾರದ ಊಟಕ್ಕೆ ನಾನು ಹೋಗಿದ್ದೆ. ಬಿಡುವುದುಂಟೇ? ಇಳಕಲ್ ಸೀರೆ ಉಟ್ಟು, ಗಂಡನನ್ನು ಎಳೆದುಕೊಂಡು ಹೋದೆ. ಅವರು ಬೆರಳ ತುದಿಯಲ್ಲಿ ನನ್ನ ಕೈ ಮುಟ್ಟಿ ಮುಂದಿನವರ ಕಡೆ ತಿರುಗಿದರು. ಭಾಷಣಕ್ಕೆಂದು ವೇದಿಕೆ ಹತ್ತಿದರು. ಗಾಯನ ಸಂಘದವರು ಹಾಡುತ್ತಿದ್ದರು, ಎಲ್ಲರೂ ಅವರ ಮುಖ ನೋಡುತ್ತಿದ್ದರು. ನಾನು ಅವರ ಕಾಲು ನೋಡುತ್ತಿದ್ದೆ. ಗಂಡ ಮೊಣಕೈಯಿಂದ ತಿವಿದು, ಏನು ನೋಡುತ್ತಿದ್ದೀ ಎಂದ. ಏನಿಲ್ಲ ಎಂದೆ. ಮಾಸ್ತರರು ಹುಷಾರಾಗಿ, ಮೆಟ್ಟಿಲ ಕಂಬಿ ಹಿಡಿದುಕೊಂಡು ಕೆಳಗಿಳಿದರು. ಆಮೇಲೆ ಕೊಟ್ಟ ಕೇಕು ನನಗೆ ರುಚಿಸಲಿಲ್ಲ.

ಇದಾಗಿ ಕೆಲವು ವರ್ಷಗಳಾದವು. ಗುರುವಾರ ಈಗಲೂ ನನ್ನದೇ. ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಮಾತಾಡಿಸುತ್ತಾರೆ. ಮಾಸ್ತರರು ಗಟ್ಟಿಮುಟ್ಟಾಗಿದ್ದಾರೆ, ಪ್ರತಿದಿನ ಬೆಳಿಗ್ಗೆ ನಮ್ಮ ಮನೆ ಮುಂದೆ ಸೈಕಲ್ಲಿನಲ್ಲಿ ಹೋಗುತ್ತಾರೆ. ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಆದರೂ ಹಿಮ ಗಟ್ಟಿಯಾದ ದಿನ ಅವರ ಸೈಕಲ್ಲಿನ ಸದ್ದು ಕೇಳಿದರೆ ಒಲೆ ಸಣ್ಣ ಮಾಡಿ ಕಿಟಕಿಗೆ ಬರುತ್ತೇನೆ, ಅವರು ತಿರುವು ದಾಟುವವರೆಗೂ ನಿಂತು ನೋಡುತ್ತೇನೆ. ಇನ್ನೂ ಒಮ್ಮೆಯೂ ಬಿದ್ದಿಲ್ಲ.